ಕಿಟಕಿಯ ಮೂರಡಿ ಯಾರ ಲೆಕ್ಕ?

ಮನೆ ಕಟ್ಟಿಸುವವರು ತಿಂಗಳುಗಟ್ಟಲೆ ಕೈಯಲ್ಲಿ ಹಿಡಿದು ಓಡಾಡುವ ಪ್ಲಾನ್ ಹಾಳೆಯಲ್ಲಿ ಎತ್ತರ ಒಂದನ್ನು ಬಿಟ್ಟು ಎಲ್ಲ ಅಳತೆಯೂ ಇರುತ್ತದೆ. ರೂಮು 10×12. ಹಾಲ್ 13×22. ಬಾಗಿಲು ಮೂರೂವರೆ ಅಡಿ ಅಗಲ. ಕಿಟಕಿ ಇರುವ ಕಡೆ ಗೋಡೆಯ ನಡುವೆ ಎರಡು ಸಣ್ಣ ಗೆರೆ, ಪಕ್ಕದಲ್ಲಿ ‘ಡಬ್ಲ್ಯು 1’ ಅಂತ ಒಂದು ಗುರುತು. ಆ ಕಿಟಕಿ ನೆಲದಿಂದ ಎಷ್ಟು ಮೇಲೆ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಅನ್ನುವುದು ಅಲ್ಲಿ ಕಾಣುವುದಿಲ್ಲ. ಅದಕ್ಕೆ ಬೇರೆ ಹಾಳೆ ಇರುತ್ತದೆ, ಸೆಕ್ಷನ್ ಅಂತ. ಮಂಜೂರಾತಿಗೆ ಕೊಡುವಾಗ ಅದರ ಮೇಲೂ ಸಹಿ ಹಾಕುತ್ತೇವೆ. ಓದುವವರು ಕಡಿಮೆ.

ಹಾಗಾಗಿ ಪೂಜಾ ಕೋಣೆ ಎಲ್ಲಿ, ಮೆಟ್ಟಿಲು ಯಾವ ಕಡೆಗೆ ತಿರುಗಬೇಕು ಅಂತ ಮನೆಮಂದಿಯೆಲ್ಲ ಜಗಳ ಆಡುತ್ತೇವೆ. ಕಿಟಕಿಯ ಎತ್ತರವನ್ನು ಮಾತ್ರ ಯಾರನ್ನೂ ಕೇಳದೆ ಮೇಸ್ತ್ರಿ ತೀರ್ಮಾನಿಸುತ್ತಾರೆ. ನಮ್ಮ ಮೇಸ್ತ್ರಿಯೂ ಮೊದಲ ದಿನವೇ ಹೇಳಿಬಿಟ್ಟರು. “ಅಕ್ಕ, ಮೂರಕ್ಕೆ ಸಿಲ್, ಏಳಕ್ಕೆ ಲಿಂಟಲ್. ಊರೆಲ್ಲ ಹಂಗೇ.”

ಊರೆಲ್ಲ ಹಾಗೇ ಇರುವುದು ನಿಜ. ನೆಲದಿಂದ 3 ಅಡಿಗೆ ಸಿಲ್, ಅಂದರೆ ಕಿಟಕಿಯ ಕೆಳಗಿನ ಅಂಚು, 7 ಅಡಿಗೆ ಲಿಂಟಲ್, ಅಂದರೆ ಕಿಟಕಿಯ ತಲೆಯ ಮೇಲೆ ಕೂರುವ ಕಾಂಕ್ರೀಟ್ ತೊಲೆ, ನಡುವೆ 4 ಅಡಿ ಕಿಟಕಿ. ಏಳು ಅಡಿಗೆ ಕಾರಣ ಇದೆ. ಬಾಗಿಲಿನ ಎತ್ತರ ಏಳು. ಬಾಗಿಲಿನದೂ ಕಿಟಕಿಯದೂ ಒಂದೇ ಮಟ್ಟಕ್ಕೆ ಬಂದರೆ ಲಿಂಟಲ್ ಕಾಂಕ್ರೀಟ್ ಮನೆ ಸುತ್ತ ಒಂದೇ ಪಟ್ಟಿಯಾಗಿ ಸುತ್ತುತ್ತದೆ. ಸೆಂಟ್ರಿಂಗ್ ಕೆಲಸ ಸುಲಭ, ಗೋಡೆಗೂ ಗಟ್ಟಿ. ಆದರೆ ಕೆಳಗಿನ ಮೂರು ಅಡಿಗೆ ಕಾರಣ ಕೇಳಿದರೆ ಯಾರ ಹತ್ತಿರವೂ ಸರಿಯಾದ ಉತ್ತರ ಇರಲಿಲ್ಲ. ಟೇಬಲ್ ಇಟ್ಟರೆ ಅಡ್ಡ ಬರಲ್ಲ ಅಂದರು ಒಬ್ಬರು. ಸೇಫ್ಟಿ ಅಂದರು ಇನ್ನೊಬ್ಬರು. ಎರಡೂ ಸುಳ್ಳಲ್ಲ. ಆದರೆ ಮನೆಯ ಎಲ್ಲ ರೂಮಿನಲ್ಲೂ ಟೇಬಲ್ ಇರುವುದಿಲ್ಲ, ಅಲ್ವಾ?

ನಮ್ಮ ಅತ್ತೆ ನೆಲದ ಮೇಲೆ ಕೂರುವವರು. ಈಳಿಗೆಮಣೆ ಹಾಕಿಕೊಂಡು ತರಕಾರಿ ಹೆಚ್ಚುವುದು, ಹೂ ಕಟ್ಟುವುದು, ಮಧ್ಯಾಹ್ನ ಚಾಪೆ ಹಾಸಿ ಅಡ್ಡಾಗುವುದು, ಎಲ್ಲ ನೆಲದಲ್ಲೇ. ಈಗಿರುವ ಬಾಡಿಗೆ ಮನೆಯಲ್ಲಿ ಅವರು ಕೂತಲ್ಲಿಂದ ಅವರ ಕಣ್ಣಿನ ಎತ್ತರವನ್ನು ಟೇಪ್ ಹಿಡಿದು ಅಳೆದೆ. ಎರಡೂವರೆ ಅಡಿಯೂ ಇಲ್ಲ. ಕಿಟಕಿ ಶುರುವಾಗುವುದೇ ಮೂರಕ್ಕೆ. ಅಂದರೆ ದಿನದ ಬಹುಪಾಲು ಅವರಿಗೆ ಎದುರಿಗಿರುವುದು ಗೋಡೆ. ಕತ್ತೆತ್ತಿದರೆ ಒಂದು ತುಂಡು ಆಕಾಶ, ಕೇಬಲ್ ವೈರು. ಸೋಫಾದಲ್ಲಿ ಕೂತ ನನ್ನ ಕಣ್ಣು ಸುಮಾರು ಮೂರೂವರೆ ಅಡಿಗೆ ಬರುತ್ತದೆ, ಕುರ್ಚಿಯಲ್ಲಿ ನೆಟ್ಟಗೆ ಕೂತರೆ ಇನ್ನೊಂದು ಮೂರ್ನಾಲ್ಕು ಇಂಚು ಮೇಲೆ. ಮಂಚದ ಮೇಲೆ ಮಲಗಿದವರ ಕಣ್ಣು ಎರಡಡಿಯ ಆಸುಪಾಸು. ಒಂದೇ ಮನೆಯಲ್ಲಿ ಇಷ್ಟೊಂದು ಎತ್ತರಗಳಿವೆ. ಕಿಟಕಿಗೆ ಮಾತ್ರ ಒಂದೇ.

ಇದು ಬರೀ ಹೊರಗಿನ ನೋಟದ ಪ್ರಶ್ನೆ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಗಾಳಿಯದೂ ಇದೇ ಕಥೆ. ಕಿಟಕಿಯಿಂದ ಬರುವ ಗಾಳಿ ಹೆಚ್ಚುಕಮ್ಮಿ ಕಿಟಕಿಯ ಎತ್ತರದಲ್ಲೇ ರೂಮನ್ನು ದಾಟುತ್ತದೆ. ಸಿಲ್ ಮೂರಡಿಗೆ ಇದ್ದರೆ ಎರಡಡಿ ಎತ್ತರದ ಮಂಚದಲ್ಲಿ ಮಲಗಿದವರ ಮೇಲಿಂದ ಗಾಳಿ ಹಾದು ಹೋಗುತ್ತದೆ. ಇದನ್ನು ನಾನು ಕಂಡುಹಿಡಿದದ್ದಲ್ಲ. ಭಾರತೀಯ ಮಾನಕ ಬ್ಯೂರೋದ ನ್ಯಾಷನಲ್ ಬಿಲ್ಡಿಂಗ್ ಕೋಡ್‌ನಲ್ಲಿ ಗಾಳಿಯಾಟದ ಭಾಗ ಓದಿದರೆ, ಕುರ್ಚಿಯಲ್ಲಿ ಕೂರುವ ಕಡೆ ಸಿಲ್ 0.75 ಮೀಟರ್, ಮಂಚದ ಮೇಲೆ ಕೂರುವ ಕಡೆ 0.60, ನೆಲದ ಮೇಲೆ ಕೂರುವ ಕಡೆ 0.40 ಅಂತ ಸಲಹೆ ಇದೆ. ಅಡಿ ಲೆಕ್ಕದಲ್ಲಿ ಎರಡೂವರೆ, ಎರಡು, ಒಂದು ಅಡಿ ನಾಲ್ಕು ಇಂಚು. ನೆಲದ ಮೇಲೆ ಕೂರುವವರನ್ನು ಲೆಕ್ಕಕ್ಕೆ ತೆಗೆದುಕೊಂಡು ಸರ್ಕಾರಿ ಕೋಡ್ ಬರೆದಿದ್ದಾರೆ ಅನ್ನುವುದೇ ನನಗೆ ಖುಷಿ ಕೊಟ್ಟಿತು. ಕೋಡ್ ನಮ್ಮ ಅತ್ತೆಯನ್ನು ನೆನೆಸಿಕೊಂಡಿದೆ, ನಾವು ಮರೆತಿದ್ದೇವೆ!

ಹಾಗಂತ ಎಲ್ಲ ಕಿಟಕಿಯನ್ನೂ ಕೆಳಗಿಳಿಸಿಬಿಟ್ಟರೆ ಮನೆ ಬೆಳ್ಳಗಾಗುತ್ತದೆ ಅಂದುಕೊಳ್ಳುವ ಹಾಗಿಲ್ಲ. ಬೆಳಕಿನ ವಿಷಯದಲ್ಲಿ ಕೆಲಸ ಮಾಡುವುದು ಕಿಟಕಿಯ ಮೇಲಿನ ಅಂಚು. ಲಿಂಟಲ್ ಎಷ್ಟು ಎತ್ತರದಲ್ಲಿದೆಯೋ ಅದರ ಒಂದೂವರೆಯಿಂದ ಎರಡು ಪಟ್ಟು ದೂರದವರೆಗೆ ಹಗಲು ಬೆಳಕು ಚೆನ್ನಾಗಿ ತಲುಪುತ್ತದೆ ಅನ್ನುವುದು ಕಟ್ಟಡದವರ ಅಂದಾಜು. ಏಳಡಿಯ ಲಿಂಟಲ್‌ಗೆ ಹತ್ತೂವರೆಯಿಂದ ಹದಿನಾಲ್ಕು ಅಡಿ. ಹನ್ನೆರಡು ಅಡಿಯ ಬೆಡ್‌ರೂಮಿಗೆ ಸಾಕು. ಆದರೆ ಈಗಿನ 30×40 ಮನೆಗಳಲ್ಲಿ ಹಾಲ್, ಡೈನಿಂಗ್ ಎರಡನ್ನೂ ಸೇರಿಸಿ ಒಂದೇ ಉದ್ದ ಜಾಗ ಮಾಡುವುದು ಫ್ಯಾಶನ್. ನಮ್ಮ ಪ್ಲಾನ್‌ನಲ್ಲೂ ಅದು 22 ಅಡಿ. ಮುಂದಿನ ಕಿಟಕಿಯ ಬೆಳಕು ಊಟದ ಟೇಬಲ್ ಹತ್ತಿರ ಬರುವಷ್ಟರಲ್ಲಿ ಸೋತು ಹೋಗುತ್ತದೆ. ಹಗಲು ಹನ್ನೊಂದು ಗಂಟೆಗೆ ಟ್ಯೂಬ್‌ಲೈಟ್ ಹಾಕಿಕೊಂಡು ಊಟ ಮಾಡುವ ಎಷ್ಟೋ ಹೊಸ ಮನೆಗಳ ಗೃಹಪ್ರವೇಶಕ್ಕೆ ಹೋಗಿದ್ದೇನೆ. ಹೋಳಿಗೆ ಚೆನ್ನಾಗಿರುತ್ತದೆ, ಬಿಡಿ.

ಹಳೆಯ ತೊಟ್ಟಿ ಮನೆಯವರು ಈ ಲೆಕ್ಕವನ್ನು ನಡುವೆ ಆಕಾಶ ತೆರೆದು ಬಗೆಹರಿಸಿದ್ದರು. ಹೊರಗೋಡೆಯ ಕಿಟಕಿ ಚಿಕ್ಕದಾದರೂ ತೊಟ್ಟಿಯ ಸುತ್ತಲಿನ ಪಡಸಾಲೆಗೆ ಬೆಳಕಿಗೆ ಬರವಿರಲಿಲ್ಲ. 1200 ಚದರಡಿಯ ಸೈಟಿನಲ್ಲಿ ತೊಟ್ಟಿ ಬಿಡುವ ಶ್ರೀಮಂತಿಕೆ ನಮಗಿಲ್ಲ. ನಾವು ಮೆಟ್ಟಿಲನ್ನು ಮನೆಯ ನಡುಭಾಗಕ್ಕೆ, ಡೈನಿಂಗ್ ಪಕ್ಕಕ್ಕೆ ತಂದೆವು. ಅದರ ತಲೆಯ ಮೇಲೆ ತಾರಸಿಯಲ್ಲಿ ಗಾಜಿನ ಮುಚ್ಚಳ, ಅದರ ಪಕ್ಕದಲ್ಲಿ ಬಿಸಿಗಾಳಿ ಹೊರಗೆ ಹೋಗಲು ಜಾಲರಿ. ಕಿಟಕಿಯ ಎತ್ತರ ಯೋಚಿಸಲು ಹೋಗಿ ಪ್ಲಾನ್ ಬದಲಾದದ್ದು ಹೀಗೆ. ಅಲ್ಲಿಂದ ಮುಂದೆ ನಾನು ಪ್ಲಾನ್ ಬೇರೆ, ಕಿಟಕಿ ಬೇರೆ ಅಂತ ನೋಡುವುದನ್ನು ಬಿಟ್ಟೆ.

ಇನ್ನು ಬಿಸಿಲು. ನಮ್ಮದು ಮೈಸೂರಿನ ಹೊರವಲಯದ ದಕ್ಷಿಣ ದಿಕ್ಕಿನ ಸೈಟು. ರಸ್ತೆ ದಕ್ಷಿಣಕ್ಕೆ. ಕೊಳ್ಳುವಾಗ ನೆಂಟರಲ್ಲಿ ಅರ್ಧ ಜನ ಮುಖ ಸಿಂಡರಿಸಿದರು. ಅದರಿಂದಲೇ ಬೆಲೆಯೂ ಸ್ವಲ್ಪ ಇಳಿದಿತ್ತು ಅನ್ನಿ. ಆದರೆ ಕಿಟಕಿ ಇಡುವವರ ಕಣ್ಣಿನಿಂದ ನೋಡಿದರೆ ದಕ್ಷಿಣದಷ್ಟು ಹೇಳಿದ ಮಾತು ಕೇಳುವ ದಿಕ್ಕು ಇನ್ನೊಂದಿಲ್ಲ.

ಲೆಕ್ಕ ನೋಡಿ. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನದ ಸೂರ್ಯ ದಕ್ಷಿಣದ ಕಡೆ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಲಿಂಟಲ್ ಮಟ್ಟದಲ್ಲಿ ಹೊರಕ್ಕೆ 2 ಅಡಿ ಚಾಚಿದ ಸಜ್ಜಾ ಹಾಕಿದರೆ ಅದರ ನೆರಳು ಸುಮಾರು 2.8 ಅಡಿ ಕೆಳಗಿಳಿಯುತ್ತದೆ. ಅಂದರೆ ನಾಲ್ಕಡಿ ಕಿಟಕಿಯ ಮೇಲಿನ ಭಾಗ ನೆರಳು, ಕೆಳಗಿನ ಒಂದಡಿ ಚಿಲ್ಲರೆಯಿಂದ ಚಳಿಗಾಲದ ಬಿಸಿಲು ಒಳಗೆ. ಸಿಲ್ ಅನ್ನು ಅರ್ಧ ಅಡಿ ಇಳಿಸಿದರೆ ಆ ಬಿಸಿಲಿನ ಪಟ್ಟಿ ಇನ್ನರ್ಧ ಅಡಿ ಹಿಗ್ಗುತ್ತದೆ. ಬೇಸಿಗೆಗೆ ಸೂರ್ಯ ನೆತ್ತಿಗೇರುತ್ತಾನೆ. ಏಪ್ರಿಲ್ 22ರ ಆಸುಪಾಸಿನಲ್ಲಿ ಮೈಸೂರಿನಲ್ಲಿ ನಡುಮಧ್ಯಾಹ್ನ ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಆಗ ದಕ್ಷಿಣದ ಕಿಟಕಿಗೆ ಬಿಸಿಲು ಬೀಳುವ ಮಾತೇ ಇಲ್ಲ. ಅಲ್ಲಿಂದ ಆಗಸ್ಟ್ 20ರ ಸುಮಾರಿನವರೆಗೆ ಮಧ್ಯಾಹ್ನದ ಸೂರ್ಯ ಉತ್ತರದ ಕಡೆ ವಾಲಿರುತ್ತಾನೆ. ಉತ್ತರದ ಕಿಟಕಿಗೆ ಬಿಸಿಲೇ ಬರಲ್ಲ, ಸಜ್ಜಾ ಬೇಡ ಅನ್ನುವ ಮಾತು ದೆಹಲಿಯವರಿಗೂ ಯೂರೋಪಿನವರಿಗೂ ಹೆಚ್ಚುಕಮ್ಮಿ ಸರಿ ಹೋಗಬಹುದು. ನಮಗೆ ಆ ಕಡೆಯೂ ಒಂದೂವರೆ ಅಡಿಯಾದರೂ ಬೇಕು.

ತೊಂದರೆಯ ದಿಕ್ಕು ಪಶ್ಚಿಮ. ಏಪ್ರಿಲ್‌ನಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ 30 ಡಿಗ್ರಿಗೆ ಇಳಿದಿರುತ್ತಾನೆ. ಎರಡಡಿ ಸಜ್ಜಾದ ನೆರಳು ಆಗ ಒಂದಡಿ ಚಿಲ್ಲರೆ, ಅಷ್ಟೇ. ಉಳಿದ ಮೂರಡಿಯಿಂದ ಬಿಸಿಲು ನೇರ ಒಳಗೆ. ಸಜ್ಜಾ ನಾಲ್ಕಡಿ ಮಾಡಿದರೂ ಐದೂವರೆಯ ಬಿಸಿಲನ್ನು ತಡೆಯುವುದಿಲ್ಲ. ಪಶ್ಚಿಮಕ್ಕೆ ದೊಡ್ಡ ಗಾಜು ಇಟ್ಟು ಆಮೇಲೆ ಅದಕ್ಕೆ ದಪ್ಪ ಪರದೆ ಹಾಕಿಸುವುದು ನೋಡಿದಾಗೆಲ್ಲ ನನಗೆ ನಗು ಬರುತ್ತದೆ. ನಮ್ಮ ಪಶ್ಚಿಮದ ಗೋಡೆಗೆ ಎರಡು ಬಚ್ಚಲು, ಬೀರುಗಳನ್ನು ತಳ್ಳಿದೆವು. ಸಂಜೆಯ ಕಾವನ್ನು ಅವು ತಿನ್ನಲಿ.

ವಾಸ್ತು ವಿಷಯ ಬರದೆ ಮನೆ ಮಾತು ಮುಗಿಯುವುದುಂಟೇ? ಆಗ್ನೇಯಕ್ಕೆ ಅಡುಗೆಮನೆ ಬರಬೇಕು. ದಕ್ಷಿಣದ ಸೈಟಿನಲ್ಲಿ ಆಗ್ನೇಯ ಅಂದರೆ ರಸ್ತೆ ಕಡೆ. “ಮುಂದೆ ಅಡುಗೆಮನೆ ಬಂದರೆ ಮನೆಗೆ ಲಕ್ಷಣ ಇರಲ್ಲಮ್ಮ” ಅಂದರು ದೊಡ್ಡತ್ತೆ. ವಾಯವ್ಯಕ್ಕೂ ಹಾಕಬಹುದು ಅಂತ ವಾಸ್ತುದವರು ದಾರಿ ತೋರಿಸಿದರು. ನಾನು ಒಪ್ಪಲಿಲ್ಲ. ವಾಯವ್ಯಕ್ಕೆ ಹೋದರೆ ಸಂಜೆಯ ಬಿಸಿಲು, ಒಲೆಯ ಕಾವು ಎರಡೂ ಒಟ್ಟಿಗೆ. ಅದಕ್ಕಿಂತ ಮುಖ್ಯವಾಗಿ, ಮನೆಯಲ್ಲಿ ಅತಿ ಹೆಚ್ಚು ಹೊತ್ತು ನಿಂತಿರುವ ಮನುಷ್ಯರಿಗೆ ಬೀದಿ ಯಾಕೆ ಕಾಣಬಾರದು? ಸೊಪ್ಪಿನವರು ಬಂದರಾ, ಮಗ ಸ್ಕೂಲ್ ವ್ಯಾನ್ ಹತ್ತಿದನಾ, ಎಲ್ಲ ಅಡುಗೆಮನೆಯಲ್ಲಿ ನಿಂತೇ ಗೊತ್ತಾಗುತ್ತದೆ. ಆಗ್ನೇಯಕ್ಕೆ ಬೆಳಗಿನ ಬೆಳಕೂ ಸಿಗುತ್ತದೆ. ಇಲ್ಲಿ ವಾಸ್ತುವೂ ನಾನೂ ಒಂದೇ ಪಕ್ಷ.

ಅಡುಗೆಮನೆಯ ಕಿಟಕಿಗೆ ಮೂರಡಿಯ ಪದ್ಧತಿ ಮೇಸ್ತ್ರಿಗಳೂ ಪಾಲಿಸುವುದಿಲ್ಲ. ಕಟ್ಟೆಯ ಎತ್ತರ 32ರಿಂದ 34 ಇಂಚು. ಅದರ ಮೇಲೆ ನೀರು ಸಿಡಿಯಲು ಅರ್ಧ ಅಡಿಯಾದರೂ ಗೋಡೆ ಬಿಟ್ಟು ಮೂರೂವರೆಗೆ ಸಿಲ್. ಇಲ್ಲಿ ಇಂಚು ಇಂಚಿಗೂ ಬೆಲೆ. ಸಿಂಕ್‌ನ ಬಗ್ಗಿದ ಕತ್ತಿನ ನಲ್ಲಿ ಕಟ್ಟೆಯಿಂದ ಒಂದಡಿ ಮೇಲೇಳುತ್ತದೆ. ಒಳಗೆ ತೆರೆಯುವ ಬಾಗಿಲಾದರೆ ಕಿಟಕಿ ನಲ್ಲಿಗೆ ಬಡಿದು ಅರ್ಧಕ್ಕೇ ನಿಲ್ಲುತ್ತದೆ. ಹೊರಗೆ ತೆರೆಯಬೇಕು, ಇಲ್ಲವೇ ಜಾರಬೇಕು. ಒಲೆಯ ನೇರ ಹಿಂದೆ ಕಿಟಕಿ ಇಟ್ಟರೆ ಆಷಾಢದ ಗಾಳಿಗೆ ಉರಿ ಓಲಾಡುತ್ತದೆ, ಹಾಲು ಕಾಯಲು ಎರಡು ಪಟ್ಟು ಹೊತ್ತು. ಹಾಗಾಗಿ ಕಿಟಕಿ ಸಿಂಕ್ ಎದುರಿಗೆ. ಪಾತ್ರೆ ತೊಳೆಯುವವರಿಗೇ ನೋಟ ಬೇಕಾದದ್ದು ಅಂತ ನನ್ನ ವಾದ. ಗಂಡ ತಕರಾರು ಮಾಡಲಿಲ್ಲ. ಭಾನುವಾರದ ಪಾತ್ರೆ ಅವರದೇ.

ಪೂರ್ವಕ್ಕೆ ಪಕ್ಕದವರ ಎರಡು ಮಹಡಿಯ ಮನೆ. ಅವರು ಮೂರಡಿ ಬಿಟ್ಟಿದ್ದಾರೆ, ನಾವು ಮೂರಡಿ ಬಿಡುತ್ತೇವೆ. ಆರಡಿ ದೂರದಲ್ಲಿ ಅವರ ಬೆಡ್‌ರೂಮಿನ ಕಿಟಕಿ. ಅವರೂ ಮೂರಕ್ಕೆ ಸಿಲ್, ಏಳಕ್ಕೆ ಲಿಂಟಲ್. ನಾವೂ ಹಾಗೇ ಇಟ್ಟರೆ ಎರಡೂ ಮನೆಯವರು ಜೀವಮಾನವಿಡೀ ಪರದೆ ಎಳೆದುಕೊಂಡೇ ಇರಬೇಕು. ಬೆಳಕಿಗೆ ಅಂತ ದುಡ್ಡು ಕೊಟ್ಟು ಕಿಟಕಿ ಇಟ್ಟು, ಮರ್ಯಾದೆಗೆ ಅಂತ ಮತ್ತೆ ದುಡ್ಡು ಕೊಟ್ಟು ಮುಚ್ಚುವುದು. ಆ ಗೋಡೆಯಲ್ಲಿ ಡೈನಿಂಗ್ ಕಡೆಗೆ 5 ಅಡಿಯಿಂದ 7 ಅಡಿಯವರೆಗೆ ಎರಡಡಿ ಎತ್ತರದ, ಆರಡಿ ಅಗಲದ ಪಟ್ಟಿ ಕಿಟಕಿ ಹಾಕಿದೆವು. ಕೂತವರು ಯಾರಿಗೂ ಕಾಣುವುದಿಲ್ಲ. ಬೆಳಕು ಬರುವುದು ಹೇಗಿದ್ದರೂ ಮೇಲಿನ ಭಾಗದಿಂದ ತಾನೇ. ಕೆಳಗಿನ ಗೋಡೆಗೆ ಬೆಂಚು ಸೇರಿಸಬಹುದು ಅನ್ನುವುದು ಲಾಭದ ಮೇಲೆ ಲಾಭ.

ಬಚ್ಚಲಿನ ವೆಂಟಿಲೇಟರ್ ಬಗ್ಗೆ ಒಂದೇ ಮಾತು. ಅದರ ಎತ್ತರ ನಿರ್ಧರಿಸುವ ಮೊದಲು ಪಕ್ಕದ ಮನೆಯ ಮೆಟ್ಟಿಲು ಎಲ್ಲಿ ತಿರುಗುತ್ತದೆ ನೋಡಿಕೊಳ್ಳಿ.

ಎಷ್ಟು ಕಿಟಕಿ ಸಾಕು ಅನ್ನುವುದಕ್ಕೂ ಅದೇ ಕೋಡ್‌ನಲ್ಲಿ ಒಂದು ಲೆಕ್ಕ ಇದೆ. ಬಾಗಿಲು ಬಿಟ್ಟು, ಕಿಟಕಿ ವೆಂಟಿಲೇಟರ್ ಸೇರಿ, ಒಣ ಬಿಸಿಲಿನ ಪ್ರದೇಶದಲ್ಲಿ ನೆಲದ ವಿಸ್ತೀರ್ಣದ ಹತ್ತರಲ್ಲೊಂದು ಪಾಲು, ಸೆಕೆ ಮತ್ತು ತೇವದ ಪ್ರದೇಶದಲ್ಲಿ ಆರರಲ್ಲೊಂದು, ನಡುವಿನ ಹವೆಗೆ ಎಂಟರಲ್ಲೊಂದು. ಕಲಬುರಗಿ, ಮಂಗಳೂರು, ಮೈಸೂರು ಅಂತ ಓದಿಕೊಂಡರೂ ಆದೀತು. ಮಂಗಳೂರಿನವರಿಗೆ ಗಾಳಿ ಆಡದಿದ್ದರೆ ಬೆವರು ಆರುವುದಿಲ್ಲ, ಅದಕ್ಕೆ ದೊಡ್ಡ ಕಿಟಕಿ, ಮಳೆ ತಡೆಯಲು ಉದ್ದ ಮಾಡು. ಕಲಬುರಗಿಯ ಮೇ ತಿಂಗಳಲ್ಲಿ ಹಗಲು ಕಿಟಕಿ ತೆರೆದರೆ ಒಳಗೆ ಬರುವುದು ಬೆಂಕಿ. ಅಲ್ಲಿನ ಹಳೇ ಮನೆಗಳ ದಪ್ಪ ಗೋಡೆ, ಸಣ್ಣ ಕಿಟಕಿಯನ್ನು ಕತ್ತಲೆ ಮನೆ ಅಂತ ಆಡಿಕೊಳ್ಳುವವರು ಒಂದು ಬೇಸಿಗೆ ಅಲ್ಲಿದ್ದು ಬರಬೇಕು. ನಮ್ಮ 10×12 ರೂಮಿಗೆ ಎಂಟರಲ್ಲೊಂದು ಅಂದರೆ 15 ಚದರಡಿ. 4×4 ಕಿಟಕಿ ಒಂದು ಇದ್ದರೆ ಪಾಸು. ಆದರೆ ಎರಡು ಟ್ರ್ಯಾಕಿನ ಜಾರುವ ಕಿಟಕಿ ತೆರೆಯುವುದು ಅರ್ಧವೇ. ಕಾಗದದಲ್ಲಿ 16 ಚದರಡಿ, ಗಾಳಿಗೆ 8. ರೆಕ್ಕೆ ಬಾಗಿಲಿನ ಕಿಟಕಿಯಾದರೆ ಪೂರ್ತಿ ತೆರೆಯುತ್ತದೆ. ಷೋರೂಮಿನವರು ಇದನ್ನು ತಾವಾಗಿ ಹೇಳುವುದಿಲ್ಲ, ನಾವೇ ಕೇಳಬೇಕು. ಒಂದೇ ಗೋಡೆಯಲ್ಲಿ ಎಷ್ಟು ದೊಡ್ಡ ಕಿಟಕಿ ಇದ್ದರೂ ಹೊರಹೋಗಲು ಎದುರಿಗೋ ಪಕ್ಕದಲ್ಲೋ ಇನ್ನೊಂದು ದಾರಿ ಇಲ್ಲದಿದ್ದರೆ ಗಾಳಿ ಬಾಗಿಲಲ್ಲೇ ನಿಂತ ಸಂಕೋಚದ ನೆಂಟನ ಹಾಗೆ, ಒಳಗೆ ಬರುವುದೇ ಇಲ್ಲ.

ಹೊರಹೋಗುವ ದಾರಿ ಮೇಲಿದ್ದಷ್ಟೂ ಒಳ್ಳೆಯದು, ಬಿಸಿಗಾಳಿ ಇರುವುದೇ ಅಲ್ಲಿ. ಲಿಂಟಲ್‌ನಿಂದ ತಾರಸಿಯವರೆಗೆ ಮೂರಡಿ ಗೋಡೆ ಇರುತ್ತದೆ. ಹಿಂದೆ ಅಲ್ಲೊಂದು ವೆಂಟಿಲೇಟರ್ ಇರುತ್ತಿತ್ತು, ಹಗ್ಗ ಎಳೆದು ತೆರೆಯುವುದು. ಈಗ ಆ ಜಾಗವನ್ನು ಅಟ್ಟ ನುಂಗಿದೆ. ಅಟ್ಟ ಬೇಡ ಅನ್ನಲು ನನಗೂ ಧೈರ್ಯ ಇಲ್ಲ. ಗೌರಿ ಹಬ್ಬದ ಸಾಮಾನು, ದಸರಾ ಗೊಂಬೆ, ದೊಡ್ಡ ಪಾತ್ರೆ ಎಲ್ಲಿ ಹೋಗಬೇಕು? ಬಚ್ಚಲಿನ ಮೇಲೆ, ಬೀರುವಿನ ಮೇಲೆ ಹಾಕಿಸಿ, ಹೊರಗೋಡೆಯ ಮೇಲ್ಭಾಗ ಬಿಟ್ಟುಕೊಡಿ ಅಂತ ಅತ್ತೆಯ ಹತ್ತಿರ ರಾಜಿ ಆಯಿತು.

ಇನ್ನು ಅತ್ತೆಯ ರೂಮು. ಹಿಂದುಗಡೆ, ಉತ್ತರದ ಹಿತ್ತಿಲ ಕಡೆಗೆ. ಅಲ್ಲಿ ಒಂದು ಕರಿಬೇವು, ಬಸಳೆ ಚಪ್ಪರ, ಒಗೆಯುವ ಕಲ್ಲು ಬರುತ್ತದೆ. ಆ ಕಿಟಕಿಯ ಸಿಲ್ ಒಂದೂವರೆ ಅಡಿ ಸಾಕು ಅಂದಾಗ ಮೇಸ್ತ್ರಿ ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದರು. “ಅದು ಕಿಟಕಿ ಅಲ್ಲಕ್ಕ, ಬಾಗಿಲು.” ಪ್ಲಾಸ್ಟಿಕ್ ಕುರ್ಚಿ, ಮಣೆ, ಒಂದು ಚಾಪೆ ತರಿಸಿ, ಸುಣ್ಣದ ಗೆರೆ ಹಾಕಿದ್ದ ಜಾಗದಲ್ಲಿ ಅತ್ತೆಯನ್ನೇ ಕೂರಿಸಿದೆವು. ಎದುರಿಗೆ ಇಬ್ಬರು ಸರ್ವೆ ಗಳ ಅಡ್ಡ ಹಿಡಿದು ನಿಂತರು, ಮೊದಲು ಮೂರಕ್ಕೆ, ಆಮೇಲೆ ಎರಡೂವರೆಗೆ, ಹಾಗೇ ಇಳಿಸುತ್ತಾ. ಎರಡಡಿಗೆ ಬಂದಾಗ ಅತ್ತೆ “ನಿಲ್ಲಿಸು, ಇಷ್ಟೇ ಇರಲಿ. ಅದಕ್ಕಿಂತ ಕೆಳಗಾದರೆ ಮಳೆ ನೀರು ಹಾಸಿಗೆಗೆ ಸಿಡಿಯುತ್ತೆ” ಅಂದರು. ಕೋಡ್‌ಗಿಂತ ಅವರ ಮಾತೇ ಸರಿ ಅನ್ನಿಸಿತು. ಎರಡಕ್ಕೆ ನಿಂತಿತು.

ಮೇಸ್ತ್ರಿಗೂ ಅದು ಅನುಕೂಲವೇ ಆಯಿತು. ಎಂಟು ಇಂಚಿನ ಸಿಮೆಂಟ್ ಬ್ಲಾಕ್, ಗಾರೆ ಸೇರಿ ಒಂದು ಸಾಲಿಗೆ ಸುಮಾರು ಎಂಟೂವರೆ ಇಂಚು. ಮೂರು ಸಾಲು ಕಟ್ಟಿದರೆ ಇಪ್ಪತ್ತೈದೂವರೆ. ಅದರಲ್ಲಿ ನೆಲಕ್ಕೆ ಹಾಕುವ ಗಾರೆ, ಟೈಲ್ಸ್ ಎರಡು ಮೂರು ಇಂಚು ತಿನ್ನುತ್ತದೆ. ಮೇಲೆ ಮುಕ್ಕಾಲು ಇಂಚಿನ ಗ್ರಾನೈಟ್ ಕೂತರೆ ಎರಡಡಿಗೆ ಹತ್ತಿರ ಬರುತ್ತದೆ. ನಾಲ್ಕು ಸಾಲಾದರೆ ಎರಡೂವರೆ ದಾಟುತ್ತದೆ. ಹಾಲ್‌ಗೆ ಅದು ಸರಿ. ಬ್ಲಾಕ್ ಒಡೆಯಬೇಕಾಗಿಲ್ಲ ಅಂದಮೇಲೆ ಅವರ ಮುಖ ಸಡಿಲಾಯಿತು. ಈ ಟೈಲ್ಸ್ ಲೆಕ್ಕ ಮಾತ್ರ ಪ್ರತಿಯೊಬ್ಬರೂ ಮೇಸ್ತ್ರಿಯ ಹತ್ತಿರ ಮೊದಲೇ ಮಾತಾಡಿಕೊಳ್ಳಬೇಕು. ಅಳತೆ ಈಗಿನ ನೆಲದಿಂದಲೋ, ಟೈಲ್ಸ್ ಹಾಕಿದ ಮೇಲಿನ ನೆಲದಿಂದಲೋ? ಗೋಡೆಯ ಮೇಲೆ ಮುಗಿದ ನೆಲದ ಮಟ್ಟಕ್ಕೆ ಒಂದು ಕೆಂಪು ಗೆರೆ ಎಳೆಸಿಬಿಟ್ಟರೆ ಕೆಲಸ ಮುಗಿಯುವ ತನಕ ಯಾರಿಗೂ ಗೊಂದಲ ಇರುವುದಿಲ್ಲ.

ಸಿಲ್ ಕಲ್ಲು ಹೊರಕ್ಕೆ ಸ್ವಲ್ಪ ಇಳಿಜಾರು, ಸಜ್ಜಾದ ಅಡಿಯಲ್ಲಿ ನೀರು ಒಳಕ್ಕೆ ಹರಿದು ಬರದ ಹಾಗೆ ಒಂದು ಗೀರು, ಇವೆರಡನ್ನೂ ಬರೆದು ಕೊಟ್ಟಿದ್ದೇನೆ. ಬಾಯಲ್ಲಿ ಹೇಳಿದರೆ ಮರೆತುಹೋಗುತ್ತದೆ.

ಬಾಕಿ ಇರುವುದು ಗ್ರಿಲ್. ಸಿಲ್ ಇಳಿಸಿದ ಮೇಲೆ ಗ್ರಿಲ್ ವಿಷಯದಲ್ಲಿ ಸಡಿಲ ಬಿಡಲು ಆಗುವುದಿಲ್ಲ, ಅದರಲ್ಲೂ ಮಹಡಿಯ ರೂಮುಗಳಲ್ಲಿ. ಕ್ಯಾಟಲಾಗ್‌ನಲ್ಲಿ ಈಗ ಎಲ್ಲ ಅಡ್ಡ ಸರಳಿನ ಡಿಸೈನು. ನೋಡಲು ಚೆಂದ, ಆದರೆ ನಾಲ್ಕು ವರ್ಷದ ಮಗುವಿಗೆ ಅದು ಏಣಿ. ನನಗೆ ಉದ್ದ ಸರಳೇ ಬೇಕು, ನಡುವೆ ನಾಲ್ಕು ಇಂಚಿಗಿಂತ ಕಡಿಮೆ ಸಂದು. “ಹಳೇ ಕಾಲದ್ದು ಮೇಡಂ, ಈಗ ಯಾರೂ ಹಾಕಿಸಲ್ಲ” ಅಂದರು ಫ್ಯಾಬ್ರಿಕೇಶನ್‌ನವರು. ಕೆಳಗಿನ ಮನೆಗೆ ಒಪ್ಪಿಸಿದ್ದಾಯಿತು. ಮಹಡಿಯ ಮುಂದಿನ ರೂಮಿಗೆ ಗಂಡ ಇನ್ನೂ ಬರೀ ಗಾಜು ಸಾಕು, ಚಾಮುಂಡಿ ಬೆಟ್ಟ ಕಾಣುತ್ತದೆ ಅನ್ನುತ್ತಿದ್ದಾರೆ. ಸರಳಿನ ಸಂದಿನಲ್ಲೂ ಬೆಟ್ಟ ಕಾಣುತ್ತದೆ ಅಂತ ನಾನು. ಲಿಂಟಲ್ ಕಾಂಕ್ರೀಟ್ ಬೀಳುವವರೆಗೆ ಸಮಯ ಇದೆ.